ಚೀನಾದ ಕೋತಿರಾಯ, ನಮ್ಮ ಶಿವಗಂಗೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಲ್ಲರಿಗೂ ಈ ಪ್ರಶ್ನೆ ಬಾಯಿಪಾಠ. ‘ಇಮ್ಮಡಿ ಪುಲಕೇಶಿಯ ಕಾಲದಲ್ಲಿ ಅವನ ರಾಜ್ಯಕ್ಕೆ ಬಂದಿದ್ದ ಚೀನೀ ಯಾತ್ರಿಕ ಯಾರು?’ ಉತ್ತರ: ಹ್ಯೂಯೆನ್ ತ್ಸಾಂಗ್. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್ ಹೀಗೆ ಯಾವ ಪರೀಕ್ಷೆಯ ಗೈಡ್ ತೆರೆದರೂ ಈತ ಇದ್ದೇ ಇರುತ್ತಾನೆ. ಓಎಂಆರ್ ಶೀಟಿನಲ್ಲಿ ಒಂದು ಸೊನ್ನೆ ತುಂಬಿ ನಾವು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಅಲ್ಲಿಗೆ ಅವನ ಕಥೆ ಮುಗಿಯಿತು.

ಚೀನಾದ ಮಕ್ಕಳಿಗೆ ಮಾತ್ರ ಅವನ ಕಥೆ ಅಲ್ಲಿಂದ ಶುರುವಾಗುತ್ತದೆ. ಅಲ್ಲಿ ಈ ಸನ್ಯಾಸಿಯ ಹಿಂದೆ ಒಂದು ಕೋತಿ ಇದೆ, ಒಂದು ಹಂದಿ ಇದೆ, ಕುದುರೆಯ ರೂಪ ತಾಳಿದ ಡ್ರ್ಯಾಗನ್ ಇದೆ. ದಾರಿಯುದ್ದಕ್ಕೂ ರಾಕ್ಷಸರಿದ್ದಾರೆ. ಒಂದು ಅಂಕದ ನಮ್ಮ ಯಾತ್ರಿಕ ಅಲ್ಲಿ ಎಂಬತ್ತೊಂದು ಕಂಟಕಗಳನ್ನು ದಾಟಿ ಬಂದ ಸಾಹಸಿ.

ಒಬ್ಬನೇ ಮನುಷ್ಯ ಒಂದು ಕಡೆ ಉತ್ತರವಾಗಿ ಉಳಿದ, ಇನ್ನೊಂದು ಕಡೆ ಕಥೆಯಾಗಿ ಬೆಳೆದ. ಇದು ಹೇಗೆ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಚೀನಾದ ಜಾನಪದದಿಂದ ಹುಟ್ಟಿದ ಮಕ್ಕಳ ಅದ್ಭುತ ಕಥೆಗಳ ದೊಡ್ಡ ಲೋಕ. ಅದನ್ನು ಓದುತ್ತಾ ಓದುತ್ತಾ ನಾನು ಬಂದು ನಿಂತಿದ್ದು ನಮ್ಮ ಸೋಂಪುರ ಹೋಬಳಿಯ ಶಿವಗಂಗೆ ಬೆಟ್ಟದ ಬುಡದಲ್ಲಿ.

ಯಾತ್ರಿಕನ ಬೆನ್ನಿಗೊಂದು ಕೋತಿ

ಹ್ಯೂಯೆನ್ ತ್ಸಾಂಗ್ ಬೌದ್ಧ ಗ್ರಂಥಗಳನ್ನು ಹುಡುಕಿಕೊಂಡು ಏಳನೇ ಶತಮಾನದಲ್ಲಿ ಭಾರತಕ್ಕೆ ಬಂದ. ಪುಲಕೇಶಿಯ ಸೈನಿಕರ ಧೈರ್ಯ, ಯುದ್ಧಕ್ಕೆ ಮುನ್ನ ಮದ್ಯ ಕುಡಿಸಿ ನುಗ್ಗಿಸುತ್ತಿದ್ದ ಆನೆಗಳು ಇದನ್ನೆಲ್ಲ ಬರೆದಿಟ್ಟ. 645ರಲ್ಲಿ 657 ಗ್ರಂಥಗಳೊಂದಿಗೆ ತನ್ನ ದೇಶಕ್ಕೆ ಮರಳಿದ. ಇಷ್ಟು ಇತಿಹಾಸ.

ಆಮೇಲೆ ಜನ ಅವನ ಪ್ರಯಾಣವನ್ನು ಹಾಡಿದರು, ಆಡಿದರು, ಒಬ್ಬರಿಂದೊಬ್ಬರಿಗೆ ಹೇಳಿದರು. ಒಂಬೈನೂರಕ್ಕೂ ಹೆಚ್ಚು ವರ್ಷ ಇದು ನಡೆಯಿತು. 1592ರಲ್ಲಿ ಅಚ್ಚಾದ ‘ಪಶ್ಚಿಮಕ್ಕೆ ಪಯಣ’ ಎಂಬ ನೂರು ಅಧ್ಯಾಯಗಳ ಕಾದಂಬರಿಯ ಹೊತ್ತಿಗೆ ಸನ್ಯಾಸಿಗಿಂತ ಕೋತಿಯೇ ದೊಡ್ಡವನಾಗಿದ್ದ. ವೂ ಚೆಂಗ್‌ಎನ್ ಎಂಬುವನು ಬರೆದದ್ದು ಎನ್ನಲಾಗುವ ಈ ಕಾದಂಬರಿಯಲ್ಲಿ ಆ ಕೋತಿಯ ಹೆಸರು ಸುನ್ ವುಕಾಂಗ್. ಅವನು ಹುಟ್ಟಿದ್ದು ಬೆಟ್ಟದ ಮೇಲಿನ ಕಲ್ಲಿನಿಂದ. ಎಪ್ಪತ್ತೆರಡು ರೂಪ ತಾಳಬಲ್ಲ. ಅವನ ಕಬ್ಬಿಣದ ದೊಣ್ಣೆ ಬೇಕೆಂದಾಗ ಆಕಾಶ ಮುಟ್ಟುತ್ತದೆ, ಬೇಡವೆಂದಾಗ ಸೂಜಿಯಷ್ಟಾಗಿ ಕಿವಿಯೊಳಗೆ ಕೂರುತ್ತದೆ. ಸ್ವರ್ಗಕ್ಕೇ ಹೋಗಿ ಗಲಾಟೆ ಮಾಡಿದ್ದಕ್ಕೆ ಬುದ್ಧ ಅವನನ್ನು ಐನೂರು ವರ್ಷ ಬೆಟ್ಟದ ಕೆಳಗೆ ಕೂರಿಸುತ್ತಾನೆ. ಅಲ್ಲಿಂದ ಬಿಡಿಸುವವನು ನಮ್ಮ ಒಂದು ಅಂಕದ ಯಾತ್ರಿಕ.

ಈ ಕೋತಿ ನಮ್ಮ ಹನುಮಂತನ ನೆಂಟನಿರಬಹುದೇ? ಚೀನಾದ ವಿದ್ವಾಂಸರೇ ಇದರ ಬಗ್ಗೆ ಜಗಳವಾಡಿದ್ದಾರೆ. 1920ರ ದಶಕದಲ್ಲಿ ಹು ಶಿ ಹೌದು ಎಂದರು. ಲು ಶುನ್ ಇಲ್ಲ, ಅವನು ನಮ್ಮದೇ ಹಳೆಯ ಜಲದೈತ್ಯನಿಂದ ಬಂದವನು ಎಂದರು. ಚರ್ಚೆ ಇಂದಿಗೂ ಮುಗಿದಿಲ್ಲ.

ಈ ಕೋತಿಯನ್ನು ನೋಡಿಲ್ಲ ಎನ್ನುವವರು ನಮ್ಮಲ್ಲಿ ಕಡಿಮೆ. ಜಪಾನಿನ ಅಕಿರಾ ತೊರಿಯಾಮ 1984ರಲ್ಲಿ ಶುರು ಮಾಡಿದ ‘ಡ್ರ್ಯಾಗನ್ ಬಾಲ್’ ಕಾಮಿಕ್ಸ್‌ನ ನಾಯಕ ಸನ್ ಗೊಕು. ಸುನ್ ವುಕಾಂಗ್ ಎಂಬ ಹೆಸರನ್ನು ಜಪಾನಿಯಲ್ಲಿ ಓದಿದರೆ ಬರುವುದೇ ಸನ್ ಗೊಕು. ಶಾಲೆಯಿಂದ ಬಂದು ಕಾರ್ಟೂನ್ ನೆಟ್‌ವರ್ಕ್ ಮುಂದೆ ಕುಳಿತ ನಮ್ಮ ಅಣ್ಣಂದಿರ ತಲೆಮಾರು, ಈಗ ಮೊಬೈಲಿನಲ್ಲಿ ರೀಲ್ಸ್ ನೋಡುವ ಮಕ್ಕಳು ಎಲ್ಲರಿಗೂ ಗೊಕು ಗೊತ್ತು. 2024ರ ಆಗಸ್ಟ್‌ನಲ್ಲಿ ಬಂದ ‘ಬ್ಲ್ಯಾಕ್ ಮಿಥ್: ವುಕಾಂಗ್’ ಗೇಮ್ ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು. ನಾಲ್ಕು ಶತಮಾನದ ಹಿಂದಿನ ಪುಸ್ತಕವೊಂದು ಇಂದಿನ ಹುಡುಗರಿಗೆ ಸಂಬಳ ಕೊಡುತ್ತಿದೆ.

ಮನೆಯ ಕಪಾಟಿನಲ್ಲಿದ್ದ ಕಥೆ

ಆಟ, ಸಿನಿಮಾಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮಕ್ಕಳ ಕಾದಂಬರಿ. ಗ್ರೇಸ್ ಲಿನ್ ಬರೆದ ‘ವೇರ್ ದ ಮೌಂಟನ್ ಮೀಟ್ಸ್ ದ ಮೂನ್’. 2009ರಲ್ಲಿ ಪ್ರಕಟವಾಗಿ, ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಗೌರವ ಪಡೆದ ಪುಸ್ತಕ. ಇಂಗ್ಲಿಷ್ ಸರಳವಾಗಿದೆ. ಪದವಿ ಮುಗಿಸಿದ ಯಾರೂ ಡಿಕ್ಷನರಿ ಇಲ್ಲದೆ ಓದಬಹುದು.

ಲಿನ್ ಅವರ ತಂದೆ ತಾಯಿ ತೈವಾನ್‌ನಿಂದ ಹೋದವರು. ಲಿನ್ ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಒಂದು ಚಿಕ್ಕ ಊರಿನಲ್ಲಿ, ಸುತ್ತಮುತ್ತ ತಮ್ಮಂತೆ ಕಾಣುವ ಮಕ್ಕಳೇ ಇಲ್ಲದ ಕಡೆ. ಚಿಕ್ಕವರಿದ್ದಾಗ ಚೀನೀ ಎನಿಸಿಕೊಳ್ಳುವುದೇ ಅವರಿಗೆ ಬೇಡವಾಗಿತ್ತು. ಅಮ್ಮ ವಾದ ಮಾಡಲಿಲ್ಲ. ಚೀನಾದ ಜನಪದ ಕಥೆಗಳ ಕೆಲವು ಪುಸ್ತಕಗಳನ್ನು ತಂದು ಕಪಾಟಿನಲ್ಲಿಟ್ಟು ಸುಮ್ಮನಾದರು. ಮಗಳು ಕುತೂಹಲಕ್ಕೆ ತೆಗೆದು ಓದಿದಳು. ಆ ಪುಸ್ತಕಗಳ ಚಿತ್ರ ಸಪ್ಪೆ, ಅನುವಾದವೂ ಸಪ್ಪೆ. ಆದರೂ ಕಥೆಗಳು ಒಳಗೆ ಉಳಿದವು. ದೊಡ್ಡವರಾದ ಮೇಲೆ ಚೀನಾ, ತೈವಾನ್, ಹಾಂಗ್‌ಕಾಂಗ್ ಸುತ್ತಿದಾಗ ಸಪ್ಪೆ ಕಥೆಗಳಿಗೆ ಬಣ್ಣ ಬಂತು, ವಾಸನೆ ಬಂತು.

ಕಾದಂಬರಿಯ ನಾಯಕಿ ಮಿನ್ಲಿ. ಅವಳ ಊರಿನ ಬೆಟ್ಟದ ಹೆಸರೇ ಫಲವಿಲ್ಲದ ಬೆಟ್ಟ. ಅದರ ಮೇಲೆ ಹುಲ್ಲೂ ಹುಟ್ಟುವುದಿಲ್ಲ. ಊರಿನ ಜನ ಕೆಸರಿನಲ್ಲಿ ದುಡಿದು ದುಡಿದು ಮಣ್ಣಿನ ಬಣ್ಣಕ್ಕೆ ತಿರುಗಿದ್ದಾರೆ. ಅಮ್ಮ ದಿನವೂ ಬಡತನಕ್ಕೆ ನಿಟ್ಟುಸಿರು ಬಿಡುತ್ತಾಳೆ, ಅಪ್ಪ ರಾತ್ರಿ ಊಟದ ಹೊತ್ತಿಗೆ ಕಥೆ ಹೇಳುತ್ತಾನೆ. ಮಿನ್ಲಿ ತನ್ನ ಬಳಿಯಿರುವ ಎರಡು ತಾಮ್ರದ ಕಾಸು ಕೊಟ್ಟು ಒಂದು ಹೊಂಬಣ್ಣದ ಮೀನು ಕೊಳ್ಳುತ್ತಾಳೆ. ಆಮೇಲೆ ಮನೆಯವರ ಅದೃಷ್ಟ ಬದಲಿಸುವುದು ಹೇಗೆಂದು ಚಂದ್ರನ ಅಜ್ಜನನ್ನು ಕೇಳಲು ಒಬ್ಬಳೇ ಹೊರಡುತ್ತಾಳೆ. ದಾರಿಯಲ್ಲಿ ಹಾರಲು ಬಾರದ ಡ್ರ್ಯಾಗನ್ ಜೊತೆಯಾಗುತ್ತದೆ. ಸಿಕ್ಕಿದವರೆಲ್ಲ ಒಂದೊಂದು ಕಥೆ ಹೇಳುತ್ತಾರೆ. ಕೊನೆಗೆ ಆ ಬಿಡಿ ಕಥೆಗಳೆಲ್ಲ ಒಂದೇ ಕಥೆಯ ತುಂಡುಗಳು ಎಂದು ನಮಗೆ ಗೊತ್ತಾಗುತ್ತದೆ. ಅದು ಹೇಗೆಂದು ನಾನು ಹೇಳುವುದಿಲ್ಲ, ಓದಿ.

ಚಂದ್ರನ ಅಜ್ಜ ಚೀನಾದ ಜಾನಪದದಲ್ಲಿ ಮದುವೆಯಾಗುವವರ ಕಾಲಿಗೆ ಕೆಂಪು ದಾರ ಕಟ್ಟುವವನು. ಹಳೆಯ ಕಥೆಯಲ್ಲಿ ಅವನಿದ್ದಾನೆ, ಮಿನ್ಲಿ ಇಲ್ಲ. ಲಿನ್ ಮಾಡಿದ ಕೆಲಸ ಇಷ್ಟೇ. ಹಳೆಯ ಕಥೆಯೊಳಗೆ ಒಂದು ಮಗುವನ್ನು ತಂದರು, ಆ ಮಗುವಿಗೆ ಒಂದು ಆಸೆ ಕೊಟ್ಟರು. ನೀತಿಪಾಠದಿಂದ ಶುರು ಮಾಡಲಿಲ್ಲ.

ಇದೇ ಕೆಲಸವನ್ನು ಜೀನ್ ಲುಯೆನ್ ಯಾಂಗ್ ಬೇರೆ ರೀತಿ ಮಾಡಿದರು. ಅವರ ‘ಅಮೆರಿಕನ್ ಬಾರ್ನ್ ಚೈನೀಸ್’ (2006) ಚಿತ್ರಕಾದಂಬರಿಯಲ್ಲಿ ಸ್ವರ್ಗದ ಔತಣಕ್ಕೆ ಹೋದ ಕೋತಿರಾಯನನ್ನು ‘ನಿನ್ನ ಕಾಲಲ್ಲಿ ಚಪ್ಪಲಿ ಇಲ್ಲ, ನೀನು ಕೋತಿ’ ಎಂದು ಬಾಗಿಲಲ್ಲೇ ತಡೆಯುತ್ತಾರೆ. ಅದೇ ಪುಸ್ತಕದ ಇನ್ನೊಂದು ಎಳೆಯಲ್ಲಿ ಚೀನೀ ಮೂಲದ ಹುಡುಗನೊಬ್ಬ ಹೊಸ ಶಾಲೆಯಲ್ಲಿ ಒಬ್ಬಂಟಿ. ಹಳ್ಳಿಯಿಂದ ಬೆಂಗಳೂರಿನ ಕಾಲೇಜಿಗೆ ಸೇರಿ, ಇಂಗ್ಲಿಷ್ ಬಾರದೆ ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಆ ಕೋತಿಯ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಯೆ ಶಿಯಾನ್ ಮತ್ತು ಹಂಚಿ

ಸಿಂಡ್ರೆಲ್ಲಾ ಕಥೆ ಯುರೋಪಿನದು ಎಂದುಕೊಂಡಿರುತ್ತೇವೆ. ಫ್ರಾನ್ಸಿನ ಪೆರೋ ಅದನ್ನು ಪ್ರಕಟಿಸಿದ್ದು 1697ರಲ್ಲಿ. ಅದಕ್ಕೂ ಎಂಟುನೂರಕ್ಕೂ ಹೆಚ್ಚು ವರ್ಷ ಮೊದಲು, ಒಂಬತ್ತನೇ ಶತಮಾನದಲ್ಲಿ, ದುವಾನ್ ಚೆಂಗ್‌ಶಿ ಎಂಬ ಚೀನೀ ಅಧಿಕಾರಿ ಯೆ ಶಿಯಾನ್ ಎಂಬ ಹುಡುಗಿಯ ಕಥೆಯನ್ನು ಬರೆದಿಟ್ಟಿದ್ದ.

ತಾಯಿ ತಂದೆ ಇಲ್ಲದ ಹುಡುಗಿ. ಮಲತಾಯಿ ದೂರದ ಕಾಡಿಗೆ ಸೌದೆಗೆ, ಆಳದ ಬಾವಿಗೆ ನೀರಿಗೆ ಕಳಿಸುತ್ತಾಳೆ. ಒಂದು ದಿನ ಅವಳಿಗೆ ಕೆಂಪು ರೆಕ್ಕೆಯ, ಹೊನ್ನಿನ ಕಣ್ಣಿನ ಪುಟ್ಟ ಮೀನು ಸಿಗುತ್ತದೆ. ಬೋಗುಣಿಯಲ್ಲಿ ಸಾಕುತ್ತಾಳೆ. ಬೆಳೆದ ಮೇಲೆ ಹಿತ್ತಿಲ ಕೊಳಕ್ಕೆ ಬಿಡುತ್ತಾಳೆ. ಅವಳು ಬಂದರೆ ಮಾತ್ರ ಮೀನು ದಡಕ್ಕೆ ತಲೆಯಿಡುತ್ತದೆ. ಮಲತಾಯಿ ಇವಳ ಹರಕು ಬಟ್ಟೆ ತೊಟ್ಟು ಹೋಗಿ ಮೀನನ್ನು ಮೋಸದಿಂದ ಕೊಲ್ಲುತ್ತಾಳೆ, ಬೇಯಿಸಿ ತಿಂದು ಮೂಳೆಯನ್ನು ತಿಪ್ಪೆಯಲ್ಲಿ ಹೂಳುತ್ತಾಳೆ. ಆ ಮೂಳೆಗಳೇ ಮುಂದೆ ಬೇಡಿದ್ದನ್ನು ಕೊಡುತ್ತವೆ. ಹಬ್ಬಕ್ಕೆ ಹೋಗಲು ಉಡುಪು ಕೊಡುತ್ತವೆ, ಕಲ್ಲಿನ ಮೇಲೆ ನಡೆದರೂ ಸದ್ದಾಗದ ಚಿನ್ನದ ಪಾದುಕೆ ಕೊಡುತ್ತವೆ. ಒಂದು ಪಾದುಕೆ ಕಳೆದುಹೋಗುತ್ತದೆ, ರಾಜನ ಕೈಸೇರುತ್ತದೆ. ಮುಂದಿನದು ನಿಮಗೆ ಗೊತ್ತು.

ಈ ಕಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಅದರ ಕೊನೆಯ ಟಿಪ್ಪಣಿ. ಇದನ್ನು ತನಗೆ ಹೇಳಿದವನು ತನ್ನ ಮನೆಯಲ್ಲಿ ಕೆಲಸಕ್ಕಿದ್ದ ಲಿ ಶಿಯುವಾನ್, ಅವನು ದಕ್ಷಿಣದ ಯೋಂಗ್‌ಝೌ ಸೀಮೆಯವನು, ಅವನಿಗೆ ಇಂಥ ಎಷ್ಟೋ ಕಥೆಗಳು ನೆನಪಿವೆ ಎಂದು ದುವಾನ್ ಬರೆದಿದ್ದಾನೆ. ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಒಬ್ಬ ಮನೆಯಾಳಿನ ಹೆಸರು, ಅವನು ಕಥೆ ಹೇಳಿದ ಎಂಬ ಒಂದೇ ಕಾರಣಕ್ಕೆ, ಇಂದು ನನ್ನಂಥವಳಿಗೂ ಗೊತ್ತಿದೆ. 1982ರಲ್ಲಿ ಐ-ಲಿಂಗ್ ಲೂಯಿ ಬರೆದು, ಎಡ್ ಯಂಗ್ ಚಿತ್ರ ಬಿಡಿಸಿದ ‘ಯೆ-ಶೆನ್’ ಪುಸ್ತಕದ ಮೂಲಕ ಅವನ ಕಥೆ ಅಮೆರಿಕದ ಶಾಲೆಗಳಿಗೂ ಹೋಯಿತು.

ಅದೇ 1982ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಜಾನಪದ ವಿದ್ವಾಂಸ ಅಲನ್ ಡಂಡೆಸ್ ಜಗತ್ತಿನ ಸಿಂಡ್ರೆಲ್ಲಾ ಕಥೆಗಳ ಬಗ್ಗೆ ಒಂದು ಲೇಖನ ಸಂಗ್ರಹ ತಂದರು. ಅದರಲ್ಲಿ ಚೀನಾದ ಸಿಂಡ್ರೆಲ್ಲಾ ಬಗ್ಗೆ ಒಂದು ಲೇಖನವಿದೆ. ಜೊತೆಯಲ್ಲೇ ‘ಹಂಚಿ: ಒಂದು ಕನ್ನಡ ಸಿಂಡ್ರೆಲ್ಲಾ’ ಎಂಬ ಅರ್ಥದ ಶೀರ್ಷಿಕೆಯ ಲೇಖನವೂ ಇದೆ. ಬರೆದವರು ಮೈಸೂರಿನ ಎ.ಕೆ. ರಾಮಾನುಜನ್.

ಹಂಚಿಯದು ಹೊನ್ನಿನ ಕೂದಲು. ಆ ಕೂದಲೇ ಅವಳಿಗೆ ಆಪತ್ತು. ತಾಯಿ ಮಣ್ಣಿನ ಮುಖವಾಡ ಮಾಡಿಸಿ ತೊಡಿಸಿ, ‘ಹೋಗು ಮಗಳೇ, ಎಲ್ಲಾದರೂ ಬದುಕಿಕೋ’ ಎಂದು ಕಳಿಸುತ್ತಾಳೆ. ಹಂಚಿನಂಥ ಮುಖ ಹೊತ್ತವಳಿಗೆ ಹಂಚಿ ಎಂದೇ ಹೆಸರಾಗುತ್ತದೆ. ಸಾಹುಕಾರನ ಮನೆಯಲ್ಲಿ ಅಡುಗೆ ಕೆಲಸಕ್ಕೆ ನಿಲ್ಲುತ್ತಾಳೆ. ಮುಖವಾಡದ ಹಿಂದಿನ ಹುಡುಗಿಯನ್ನು ಒಬ್ಬ ನೋಡುತ್ತಾನೆ. ಇಲ್ಲಿ ಗಾಜಿನ ಬೂಟು ಇಲ್ಲ, ಮಾಂತ್ರಿಕ ಮೀನೂ ಇಲ್ಲ. ಇರುವುದು ಒಂದು ಮಣ್ಣಿನ ಮುಖವಾಡ. ದುಡಿಮೆಗಾಗಿ ಊರು ಬಿಟ್ಟು, ಯಾರ ಕಣ್ಣಿಗೂ ಬೀಳದಂತೆ ತಲೆ ತಗ್ಗಿಸಿ ಬದುಕುವ ಹುಡುಗಿಯ ಕಥೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳಲು ಸಾಧ್ಯ?

ಯೆ ಶಿಯಾನ್ ಮತ್ತು ಹಂಚಿ ಒಂದೇ ಪುಸ್ತಕದೊಳಗೆ ಅಕ್ಕತಂಗಿಯರಂತೆ ಕುಳಿತವರು. ಅಕ್ಕ ಆಗಲೇ ಮಕ್ಕಳ ಕೈಗೆ ಬಂದಿದ್ದಾಳೆ. ನಮ್ಮೂರ ಲೈಬ್ರರಿಯ ಮಕ್ಕಳ ಕಪಾಟಿನಲ್ಲಿ ತಂಗಿಯನ್ನು ಹುಡುಕಿದೆ. ಅವಳಿರಲಿಲ್ಲ.

‘ಇಲ್ಲಿ ಏನೂ ಇಲ್ಲ ಅಕ್ಕ’

ನಮ್ಮ ಕಡೆಯನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಬೆಂಗಳೂರಿನಿಂದ ತುಮಕೂರಿನ ಕಡೆ ಹೆದ್ದಾರಿಯಲ್ಲಿ ಬಂದರೆ ನೆಲಮಂಗಲ ದಾಟಿದ ಮೇಲೆ ದಾಬಸ್‌ಪೇಟೆ ಸಿಗುತ್ತದೆ. ಅದರ ಆಸುಪಾಸಿನಲ್ಲೇ ಸೋಂಪುರ ಕೈಗಾರಿಕಾ ಪ್ರದೇಶ. ರಾಗಿ ಹೊಲಗಳಿದ್ದ ಕಡೆ ಈಗ ನೀಲಿ ತಗಡಿನ ಶೆಡ್ಡುಗಳು, ಗೋದಾಮುಗಳು, ಕಂಟೇನರ್ ಲಾರಿಗಳು. ಜಮೀನು ಕೊಟ್ಟವರ ಮಕ್ಕಳೂ ಬೇರೆ ರಾಜ್ಯಗಳಿಂದ ಬಂದವರೂ ಒಂದೇ ಗೇಟಿನಲ್ಲಿ ಪಂಚಿಂಗ್ ಮಾಡುತ್ತಾರೆ. ಬಿ.ಎ. ಮುಗಿಸಿದ ನಾನೂ ಒಂದು ಘಟಕದಲ್ಲಿ ಗುತ್ತಿಗೆ ಮೇಲೆ ಕ್ವಾಲಿಟಿ ಚೆಕಿಂಗ್ ಕೆಲಸ ಮಾಡುತ್ತಾ, ರಜೆಯ ದಿನ ಪಂಚಾಯಿತಿ ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುತ್ತೇನೆ.

2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಹಾಗಾಗಿ ನಮ್ಮ ಮೇಜಿನ ಒಂದು ಕಡೆ ನಾವು ಪರೀಕ್ಷಾರ್ಥಿಗಳು, ಇನ್ನೊಂದು ಕಡೆ ಮಕ್ಕಳು. ಅವರ ಗಲಾಟೆ ತಡೆಯಲಾರದೆ ನಾನು ಕಥೆ ಹೇಳಲು ಶುರು ಮಾಡಿದ್ದು. ಮೊದಲು ಕೋತಿರಾಯನದು. ‘ಇವ್ನು ಗೊಕು ಅಲ್ವಾ ಅಕ್ಕ?’ ಎಂದು ಒಬ್ಬ ತಕ್ಷಣ ಗುರುತು ಹಿಡಿದ. ಆಮೇಲೆ ಯೆ ಶಿಯಾನ್‌ಳದು. ಮೀನು ಸತ್ತಾಗ ಇಡೀ ಮೇಜು ಸುಮ್ಮನಾಯಿತು. ಆಮೇಲೆ ಮಿನ್ಲಿ.

‘ನಮ್ಮೂರಲ್ಲಿ ಇಂಥ ಕಥೆ ಯಾವುದಿದೆ, ಹೇಳ್ರೋ’ ಎಂದೆ. ಆರನೇ ಕ್ಲಾಸಿನ ಹುಡುಗ ಹೇಳಿದ: ‘ಇಲ್ಲಿ ಏನೂ ಇಲ್ಲ ಅಕ್ಕ, ಬರೀ ಶೆಡ್ಡು.’

ಅವನು ಕೂತಿದ್ದ ಜಾಗದಿಂದ ಕಿಟಕಿಯಾಚೆ ನೋಡಿದರೆ ಶಿವಗಂಗೆ ಬೆಟ್ಟ ಕಾಣುತ್ತದೆ. ಪೂರ್ವದಿಂದ ನೋಡಿದರೆ ನಂದಿಯಂತೆ, ಪಶ್ಚಿಮದಿಂದ ಗಣಪನಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಹಾವಿನಂತೆ ಕಾಣುತ್ತದೆ ಎಂದು ಹಿರಿಯರು ಹೇಳುವ ಬೆಟ್ಟ. ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ನಂಬಿಕೆ ಇರುವ ಬೆಟ್ಟ. ಒಳಕಲ್ಲು ತೀರ್ಥದ ಕುಳಿಯೊಳಗೆ ಕೈಯಿಟ್ಟರೆ ಪುಣ್ಯ ಮಾಡಿದವರಿಗೆ ಮಾತ್ರ ನೀರು ಸಿಗುತ್ತದೆ ಎಂದು ಇಂದಿಗೂ ಜನ ಸಾಲಿನಲ್ಲಿ ನಿಲ್ಲುತ್ತಾರೆ. ಇಲ್ಲಿಂದ ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನಕ್ಕೆ ಸುರಂಗವಿದೆ ಎಂಬ ಮಾತು ನಮ್ಮಜ್ಜಿಯ ಅಜ್ಜಿಯ ಕಾಲದ್ದು. ಹೊಯ್ಸಳರ ರಾಣಿ ಶಾಂತಲೆ ಕೊನೆಯುಸಿರೆಳೆದ ಜಾಗವೂ ಇದೇ ಎನ್ನುತ್ತಾರೆ. ಕುಮುದ್ವತಿ ನದಿ ಹುಟ್ಟುವುದು ಈ ಬೆಟ್ಟದ ಸೀಮೆಯಲ್ಲೇ.

ದೂರದ ಮಾತು ಬಿಡಿ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಬಂದು, ಗೊತ್ತಿರುವವರ ದನಿಯಲ್ಲಿ ಕೂಗುವ ದೆವ್ವ ಆ ಬರಹ ಓದಿ ವಾಪಸ್ ಹೋಗುತ್ತದಂತೆ. ಮರುದಿನ ಬಂದರೂ ಅದೇ ಬರಹ. ಚೀನಾದ ಕಥೆಯಲ್ಲಿ ಹೊಸವರ್ಷದ ಹಿಂದಿನ ರಾತ್ರಿ ನಿಯಾನ್ ಎಂಬ ಮೃಗ ಊರಿಗೆ ನುಗ್ಗುತ್ತದೆ, ಕೆಂಪು ಬಣ್ಣಕ್ಕೂ ಪಟಾಕಿ ಸದ್ದಿಗೂ ಹೆದರಿ ಓಡುತ್ತದೆ. ಅದಕ್ಕೇ ಬಾಗಿಲಿಗೆ ಕೆಂಪು ಕಾಗದ. ಅವರದು ಮಕ್ಕಳ ಚಿತ್ರಪುಸ್ತಕಗಳಿಗೆ ಬಂತು. ನಮ್ಮದರಿಂದ ಎಳೆ ತೆಗೆದುಕೊಂಡು 2018ರಲ್ಲಿ ಹಿಂದಿಯಲ್ಲಿ ‘ಸ್ತ್ರೀ’ ಸಿನಿಮಾ ಬಂತು. ದೆವ್ವಕ್ಕೇ ಓದಲು ಬರುತ್ತದೆ ಎಂದು ನಂಬಿ, ಬರೆದು ಕಳಿಸಿದ ಜನ ನಾವು! ಇದಕ್ಕಿಂತ ಚೆಂದದ ಮಕ್ಕಳ ಕಥೆ ಬೇಕೇ?

ಹಾಗಾಗಿ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಬೆಟ್ಟ ಇದೆ, ಸುರಂಗ ಇದೆ, ಕುಳಿ ಇದೆ. ನಿಮ್ಮ ವಯಸ್ಸಿನ ಒಬ್ಬಳು ಹುಡುಗಿ ಅಲ್ಲಿಗೆ ಹೋಗುತ್ತಾಳೆ. ಮುಂದೆ?

‘ಒಳಕಲ್ಲಿಗೆ ಕೈ ಹಾಕ್ತಾಳೆ. ನೀರು ಸಿಗಲ್ಲ. ಒಳಗಿಂದ ಯಾರೋ ಕೈ ಹಿಡ್ಕೊಳ್ತಾರೆ’ ಎಂದಳು ಇಲ್ಲಿಯವರೆಗೆ ಬಾಯಿ ಬಿಡದಿದ್ದ ಒಬ್ಬಳು. ಎಲ್ಲರಿಗೂ ಮೈ ಜುಮ್ಮೆಂದಿತು. ಒಡಿಶಾದಿಂದ ಬಂದ ಕುಟುಂಬದ ಹುಡುಗ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, ‘ಅಕ್ಕಾ, ಆ ಸುರಂಗ ನಮ್ಮ ಊರಿಗೂ ಹೋಗುತ್ತಾ?’ ಎಂದು ಕೇಳಿದ. ಹೋಗುತ್ತದೆ ಎಂದು ಮಕ್ಕಳೇ ತೀರ್ಮಾನ ಮಾಡಿದರು.

ಆ ಹುಡುಗಿಗೆ ಏನು ಬೇಕು ಎಂಬುದಕ್ಕೆ ದೊಡ್ಡ ಜಗಳವಾಯಿತು. ಮೊಬೈಲ್ ಎಂದರು, ಸೈಕಲ್ ಎಂದರು, ಚಿನ್ನ ಎಂದರು. ಕೊನೆಗೆ ಉಳಿದದ್ದು ಇದು: ‘ಅವ್ರಮ್ಮನಿಗೆ ಸೆಕೆಂಡ್ ಶಿಫ್ಟ್ ಬರಬಾರದು.’ ಮಧ್ಯಾಹ್ನ ಶಾಲೆಯಲ್ಲಿರುವಾಗ ಹೋಗುವ ಅಮ್ಮ, ಮಕ್ಕಳು ಮಲಗಿದ ಮೇಲೆ ಬರುತ್ತಾಳೆ. ಅದನ್ನು ತಪ್ಪಿಸಲು ನಮ್ಮ ಹುಡುಗಿ ಬೆಟ್ಟದೊಳಗೆ ಇಳಿದಿದ್ದಾಳೆ. ಮಿನ್ಲಿ ಹೊರಟದ್ದೂ ಅಮ್ಮನ ನಿಟ್ಟುಸಿರು ಕೇಳಲಾರದೆ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಆ ಕಥೆ ಇನ್ನೂ ಮುಗಿದಿಲ್ಲ. ಆದರೆ ‘ಬರೀ ಶೆಡ್ಡು’ ಎಂದ ಹುಡುಗ ಈಗ ಸುರಂಗದ ಮ್ಯಾಪ್ ಬಿಡಿಸುತ್ತಿದ್ದಾನೆ. ಅದರಲ್ಲಿ ಶೆಡ್ಡುಗಳೂ ಇವೆ. ಒಂದು ಶೆಡ್ಡಿನೊಳಗೆ ಸುರಂಗದ ಬಾಯಿ ಇದೆಯಂತೆ.

ದಾರಿ ಹೊಸದಲ್ಲ

ಬೇರೆಯವರ ಕಥೆ ಓದಿ ನಮ್ಮದನ್ನು ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಇಲಿ ಕಥೆಯನ್ನು ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪದ್ಯ ಮಾಡಿದ. ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದರು. ಕೊಳಲಿನವನು ಕಿಂದರಿಜೋಗಿಯಾದ, ಊರು ಬೊಮ್ಮನಹಳ್ಳಿಯಾಯಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಇಲಿ ವೇಷ ಹಾಕಿ ಕುಣಿದ ನಮಗೆ ಅದು ಹೊರಗಿನದು ಎಂದು ಅನ್ನಿಸಲೇ ಇಲ್ಲ.

ಅಜ್ಜಿ ಕಥೆಯನ್ನು ದೊಡ್ಡ ಕೃತಿ ಮಾಡುವುದೂ ಹೊಸದಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕಕ್ಕೆ ಮೂಲ ರಾಮಾನುಜನ್ ಅವರಿಂದ ಕೇಳಿದ ಕನ್ನಡ ಜನಪದ ಕಥೆಗಳು. ಅದು ನಾಗಾಭರಣ ಅವರ ಕೈಯಲ್ಲಿ 1997ರಲ್ಲಿ ಸಿನಿಮಾ ಆಯಿತು. ಅದೇ ವರ್ಷ, ರಾಮಾನುಜನ್ ತೀರಿಕೊಂಡ ನಾಲ್ಕು ವರ್ಷಕ್ಕೆ, ಅವರು ಕನ್ನಡ ನಾಡಿನಲ್ಲಿ ಸಂಗ್ರಹಿಸಿದ 77 ಕಥೆಗಳು ಇಂಗ್ಲಿಷಿನಲ್ಲಿ ‘ಎ ಫ್ಲವರಿಂಗ್ ಟ್ರೀ’ ಎಂಬ ಪುಸ್ತಕವಾಗಿ ಬಂದವು. ದೊಡ್ಡವರ ರಂಗಭೂಮಿಗೆ, ಸಿನಿಮಾಕ್ಕೆ, ಸಂಶೋಧನೆಗೆ ಈ ಕಥೆಗಳು ದಾರಿ ಕಂಡುಕೊಂಡವು. ಹನ್ನೊಂದು ವರ್ಷದ ಮಗು ರಾತ್ರಿ ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡು ಓದುವ ದಪ್ಪ ಪುಸ್ತಕವಾಗಿಯೂ ಅವು ಬರಬೇಕು.

ಇದರಲ್ಲಿ ಕೆಲಸ ಇದೆಯಾ?

ನಮ್ಮಂಥವರು ಕೇಳಬೇಕಾದ ಪ್ರಶ್ನೆಯೇ. ಕಥೆ ಬರೆದು ಇಎಂಐ ಕಟ್ಟಬಹುದು ಎಂದು ನಾನು ಹೇಳುವುದಿಲ್ಲ. ನಾನೂ ಗೈಡ್ ಓದುವುದನ್ನು ಬಿಟ್ಟಿಲ್ಲ. ಆದರೆ ಬಾಗಿಲುಗಳಿವೆ.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ತಾಣದಲ್ಲಿ ಮಕ್ಕಳ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿವೆ. ಯಾರು ಬೇಕಾದರೂ ಓದಬಹುದು, ಕನ್ನಡಕ್ಕೆ ಅನುವಾದಿಸಬಹುದು, ತಮ್ಮ ಕಥೆಯನ್ನೂ ಹಾಕಬಹುದು. ಅನುವಾದದ ಕೆಲಸ ಹುಡುಕುವವರಿಗೆ ‘ಇದು ನಾನು ಮಾಡಿದ್ದು’ ಎಂದು ತೋರಿಸಲು ಅಲ್ಲಿ ನಾಲ್ಕು ಪುಸ್ತಕವಿದ್ದರೆ ಬಾಯಿಮಾತಿಗಿಂತ ಮೇಲು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕಾಗಿ ನಮ್ಮ ರಾಜ್ಯ 2024–29ರ ಎವಿಜಿಸಿ-ಎಕ್ಸ್‌ಆರ್ ನೀತಿ ತಂದಿದೆ. ಕೋಡಿಂಗ್, ಡ್ರಾಯಿಂಗ್ ಬಲ್ಲ ಗೆಳೆಯರಿಗೆ ನನ್ನದೊಂದು ಮಾತು: ಸಾಫ್ಟ್‌ವೇರ್ ಎಲ್ಲರಿಗೂ ಒಂದೇ. ವುಕಾಂಗ್ ಗೇಮ್ ಮಾಡಿದವರ ಬಳಿ ವುಕಾಂಗ್ ಇದ್ದ. ನಮ್ಮ ಬಳಿ ಯಾರಿದ್ದಾರೆ ಎಂದು ನಾವೇ ಹುಡುಕಬೇಕು. ಬರೆಯುವವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. 35 ವರ್ಷದೊಳಗಿನವರಿಗೆ ಯುವ ಪುರಸ್ಕಾರ ಬೇರೆ ಇದೆ.

ಬಾಗಿಲು ಮುಂದೆಯೂ ಇರುತ್ತದೆ. ಇಲ್ಲದೆ ಹೋಗುವುದು ಕಥೆ ಹೇಳುವವರು. ನಮ್ಮಜ್ಜಿಗೆ ಈಗ ಕಥೆಯ ಶುರು ನೆನಪಿದೆ, ಕೊನೆ ನೆನಪಿದೆ, ನಡುವಿನದು ಮರೆಯುತ್ತಿದೆ. ‘ಅದೇನೋ ಆಯ್ತು ಕಣವ್ವ, ಆಮೇಲೆ ಅವ್ಳು ಮನೆಗ್ ಬಂದ್ಳು’ ಎನ್ನುತ್ತಾರೆ. ಆ ‘ಅದೇನೋ’ ಒಳಗೆ ಒಂದು ಇಡೀ ಕಾಡು, ಏಳು ಬಾಗಿಲ ಕೋಟೆ, ಮಾತಾಡುವ ಗಿಳಿ ಇರಬಹುದು. ಪ್ರತಿ ಸಲ ಒಂದೊಂದು ಹೊರಗೆ ಬರುತ್ತದೆ. ಹಾಗಾಗಿ ಒಂದೇ ಕಥೆಯನ್ನು ಮೂರು ನಾಲ್ಕು ಸಲ ಕೇಳುತ್ತೇನೆ, ಪ್ರತಿ ಸಲವೂ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ.

ನೀವೂ ಮಾಡಿ. ಖರ್ಚಿಲ್ಲದ ಕೆಲಸ. ಮೊಬೈಲ್ ಆನ್ ಮಾಡಿ, ನಡುವೆ ಬಾಯಿ ಹಾಕದೆ ಕೇಳಿ. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ, ಹೇಳಿದ ಹಾಗೇ ಬರೆದುಕೊಳ್ಳಿ. ಕೊನೆಗೆ ನೀತಿ ಸೇರಿಸಬೇಡಿ. ಮುಂದೆ ಅದರಲ್ಲಿ ಒಂದು ಮಗುವನ್ನು ತಂದು ಕಾದಂಬರಿ ಬರೆಯುವುದು, ಆಟ ಮಾಡುವುದು, ಚಿತ್ರ ಬಿಡಿಸುವುದು ನಿಮಗೆ ಬಿಟ್ಟದ್ದು. ಹಾಗೆ ಬದಲಿಸಿದಾಗ, ಏನು ಬದಲಿಸಿದ್ದೇನೆ ಎಂದು ಕೊನೆಯಲ್ಲಿ ಒಂದು ಮಾತು ಬರೆಯಿರಿ.

ಎಲ್ಲಕ್ಕಿಂತ ಮೊದಲು, ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಕಥೆ ಹೇಳಿದವರ ಹೆಸರು, ಊರು, ತಾರೀಖು ಹಾಕಿ. ದುವಾನ್ ಚೆಂಗ್‌ಶಿ ತನ್ನ ಮನೆಯಾಳಿನ ಹೆಸರು ಬರೆದಿಡಲು ತೆಗೆದುಕೊಂಡದ್ದು ಒಂದು ಸಾಲಿನಷ್ಟು ಜಾಗ ಮಾತ್ರ.